ಹಿಂಬದಿಯ ಮೆಟ್ಟಿಲು

ಕಾವಲುಗಾರನ ಕುರ್ಚಿಗೆ ಒಂದು ಕಾಲು ಮೋಟು. ಅದು ಕುಂಟದಿರಲೆಂದು ಅವನು ಕೈಗೆ ಸಿಕ್ಕ ಲಕೋಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಿನಡಿ ಇಟ್ಟಿದ್ದ. ಎಂಟು ದಿನ ಅಲ್ಲಾಡದೆ ಸುಖವಾಗಿ ಕೂತ. ಒಂಬತ್ತನೆಯ ದಿನ ಬೆಳಗ್ಗೆ ಕಸ ಗುಡಿಸುವಾಕೆ ಕುರ್ಚಿ ಪಕ್ಕಕ್ಕೆ ಸರಿಸಿದಾಗ ಲಕೋಟೆಯ ಮೇಲೆ ಅಗ್ನಿಶಾಮಕ ಇಲಾಖೆಯ ಮೊಹರು ಕಂಡಿತು.

ಕಟ್ಟಡದ ಕಾರ್ಯದರ್ಶಿ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಐದನೇ ಮಹಡಿಯಿಂದ ಇಳಿದು ಬಂದ. ಕಾಗದ ಬಿಡಿಸಿ ಓದಿದ. ನಿವಾಸಿಯೊಬ್ಬರ ದೂರಿನ ಮೇರೆಗೆ ಹದಿನೆಂಟನೇ ತಾರೀಕು ಮಧ್ಯಾಹ್ನ ಮೂರು ಗಂಟೆಗೆ ತುರ್ತು ಮೆಟ್ಟಿಲಿನ ತಪಾಸಣೆ ನಡೆಯಲಿದೆ ಎಂದು ಅದರಲ್ಲಿತ್ತು. ಅಂದೇ ಹದಿನೆಂಟನೇ ತಾರೀಕು.

"ಇದು ಯಾವಾಗ ಬಂತಯ್ಯಾ?"

"ಹೋದ ವಾರ ಸಾರ್. ಗವರ್ಮೆಂಟ್ ಕಾಗದ ಅಂದ್ರೆ ಗವರ್ಮೆಂಟ್ ಕಾಗದ, ಒಳ್ಳೇ ಗಟ್ಟಿ. ಬೇರೆಯವು ಎರಡು ದಿನಕ್ಕೇ ಚಪ್ಪಟೆಯಾಗ್ತವೆ," ಎಂದು ಕಾವಲುಗಾರ ಮೆಚ್ಚುಗೆಯಿಂದ ಹೇಳಿದ.

ಕಾರ್ಯದರ್ಶಿಗೆ ಬಯ್ಯಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಬಾಯಿ ತುಂಬ ನೊರೆಯಾಗಿತ್ತು. ಹಾಗಾಗಿ ಆ ಬೈಗುಳ ಅವನ ಜೀವಮಾನದ ಇತರ ಬೈಗುಳಗಳಂತೆ ಒಳಗೇ ಉಳಿಯಿತು.

ಅವನು ಕಾರ್ಯದರ್ಶಿಯಾದದ್ದೂ ಹೀಗೇ. ಮೂರು ವರ್ಷದ ಹಿಂದೆ ನಿವಾಸಿಗಳ ಸಭೆ ನಡೆಯುತ್ತಿದ್ದಾಗ ಫೋನು ಬಂತೆಂದು ಎರಡು ನಿಮಿಷ ಆಚೆ ಹೋಗಿದ್ದ. ವಾಪಸು ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದ. ಅವನ ನಿಜವಾದ ಉದ್ಯೋಗ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಿ ಪಟ್ಟಿ ಮಾಡುವುದು. ಲಕ್ಷ ಪುಸ್ತಕದಲ್ಲಿ ಒಂದು ಕೇಳಿದರೂ ಕಣ್ಣು ಮುಚ್ಚಿ ಕಪಾಟಿನ ಸಂಖ್ಯೆ ಹೇಳಬಲ್ಲ. ಆದರೆ ಪುಸ್ತಕಗಳು ಇಟ್ಟ ಕಡೆ ಇರುತ್ತವೆ. ಹದಿನೈದು ಸಂಸಾರಗಳು ಹಾಗಲ್ಲ ಎಂಬುದು ಅವನಿಗೆ ಮೂರು ವರ್ಷದಲ್ಲಿ ಚೆನ್ನಾಗಿ ಅರ್ಥವಾಗಿತ್ತು.

ಅವನ ಮನೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ತಟ್ಟೆ. ತಟ್ಟೆಯಲ್ಲಿ ಬಿಚ್ಚಿಟ್ಟ ಗೋಡೆ ಗಡಿಯಾರ. ಅದು ತೀರಿಕೊಂಡ ಮಾವನವರದು. ಅತ್ತೆ ತಮ್ಮ ಮಗಳ ಮನೆಗೆ, ಅಂದರೆ ಇಲ್ಲಿಗೆ, ಬಂದು ನೆಲೆಸಿದಾಗ ತಂದ ಒಂದೇ ಒಂದು ಸಾಮಾನು ಅದು. ಗಂಟೆಗೊಮ್ಮೆ ಗಂಭೀರವಾಗಿ ಬಾರಿಸುತ್ತಿದ್ದದ್ದು ಒಂದು ದಿನ ನಿಂತುಹೋಯಿತು. ಅತ್ತೆಗೆ ಕಣ್ಣು ಮಂಜು. ಮುಳ್ಳು ಕಾಣುವುದಿಲ್ಲ, ಗಂಟೆ ಕೇಳಿದರೆ ಮಾತ್ರ ಹೊತ್ತು ತಿಳಿಯುವುದು. "ನಾನೇ ರಿಪೇರಿ ಮಾಡಿಕೊಡ್ತೀನಿ ಅತ್ತೆ, ಇದೇನು ಮಹಾ," ಎಂದು ಅಳಿಯ ಅದನ್ನು ಬಿಚ್ಚಿದ. ಬಿಚ್ಚಿದ ಮಾರನೆಯ ದಿನವೇ ಕಾರ್ಯದರ್ಶಿಯಾದ. ಅಂದಿನಿಂದ ಅವನು ಆ ತಟ್ಟೆಯ ಮುಂದೆ ಕೂತು ಭೂತಗನ್ನಡಿ ಕಣ್ಣಿಗೆ ಹಚ್ಚಿದನೋ ಇಲ್ಲವೋ, ಬಾಗಿಲ ಕರೆಗಂಟೆ ಬಾರಿಸುತ್ತಿತ್ತು. ನೀರು ಬರ್ತಿಲ್ಲ, ಲಿಫ್ಟ್ ನಿಂತಿದೆ, ಮೇಲಿನ ಮನೆಯವರು ಕುಣೀತಿದಾರೆ. ಅತ್ತೆ ಒಮ್ಮೆಯೂ ನೆನಪಿಸಲಿಲ್ಲ. ಬದಲಿಗೆ ದಿನಕ್ಕೆ ಹತ್ತು ಸಲ ಮೆಲ್ಲಗೆ, "ಈಗ ಎಷ್ಟಾಯ್ತಮ್ಮಾ?" ಎಂದು ಮಗಳನ್ನು ಕೇಳುತ್ತಿದ್ದರು. ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಅಳಿಯ ತಟ್ಟೆಯ ಕಡೆ ನೋಡಿ ತಲೆ ತಗ್ಗಿಸುತ್ತಿದ್ದ.

ಬಿಡುಗಡೆಗೆ ಒಂದು ದಾರಿ ಇತ್ತು. ಹೋದ ಸಭೆಯಲ್ಲಿ ಅವನು ಗೋಗರೆದಾಗ ಮೂರನೇ ಮಹಡಿಯ ವಿಮಾ ಏಜೆಂಟರು ಎದ್ದುನಿಂತು, "ಕಟ್ಟಡದ ಸುರಕ್ಷತಾ ಪ್ರಮಾಣಪತ್ರದ ಅವಧಿ ಮುಗಿದು ಎರಡು ವರ್ಷ ಆಯ್ತು. ಅದೊಂದನ್ನ ಹೊಸದು ಮಾಡಿಸಿಬಿಡಿ. ಅವತ್ತಿಂದ ನಾನೇ ಕಾರ್ಯದರ್ಶಿ," ಎಂದು ಘೋಷಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಠರಾವು ಪುಸ್ತಕಕ್ಕೂ ಏರಿತು. ಏಜೆಂಟರಿಗೆ ಧೈರ್ಯ ಎಲ್ಲಿಂದ ಬಂದಿತ್ತೆಂದರೆ, ಹಿಂಬದಿಯ ತುರ್ತು ಮೆಟ್ಟಿಲಿನಲ್ಲಿ ಅವರದೇ ಒಂದು ಕಬ್ಬಿಣದ ಬೀರು ಕೂತಿತ್ತು. ಅದು ಅಲ್ಲಿರುವ ತನಕ ಯಾವ ಇಲಾಖೆಯೂ ಯಾವ ಪತ್ರವನ್ನೂ ಕೊಡುವುದಿಲ್ಲ ಎಂದು ಅವರಿಗೆ ಪೂರ್ತಿ ನಂಬಿಕೆಯಿತ್ತು.

ಹಿಂಬದಿಯ ಮೆಟ್ಟಿಲಿನ ವಿಚಾರ ಸ್ವಲ್ಪ ಹೇಳಬೇಕು. ಐದು ಮಹಡಿಯ ಈ ಕಟ್ಟಡದ ನಕ್ಷೆ ಬರೆದವರು ಯಾರೋ ಒಬ್ಬ ಹೆಂಗಸು. ಅವರನ್ನು ಯಾರೂ ನೋಡಿರಲಿಲ್ಲ. ಲಿಫ್ಟಿನ ಪಕ್ಕ ಒಂದು ಮೆಟ್ಟಿಲು ಇಟ್ಟದ್ದು ಸಾಲದೆಂದು ಅವರು ಹಿಂಭಾಗದಲ್ಲಿ ಇನ್ನೊಂದು ಅಗಲವಾದ ಮೆಟ್ಟಿಲು ಮಾಡಿ, ಮಹಡಿಗೊಂದು ದಪ್ಪ ಬಾಗಿಲು ಕೂಡಿಸಿದ್ದರು. ಬಿಟ್ಟರೆ ತಾನೇ ಮುಚ್ಚಿಕೊಳ್ಳುವ, ಬೆಂಕಿ ಹೊಗೆ ಎರಡನ್ನೂ ತಡೆಯುವ ಬಾಗಿಲು. "ಆ ಮೆಟ್ಟಿಲು ಇಲ್ಲದಿದ್ರೆ ಒಂದೊಂದು ಮನೆಗೂ ಒಂದೊಂದು ಕೋಣೆ ಜಾಸ್ತಿ ಬರ್ತಿತ್ತು," ಎಂದು ಹದಿನೈದು ಸಂಸಾರಗಳೂ ಆ ಕಾಣದ ಹೆಂಗಸಿಗೆ ಶಾಪ ಹಾಕುತ್ತಿದ್ದವು. ಶಾಪ ಹಾಕಿ ಸುಮ್ಮನಾಗದೆ ಆ ಕೋಣೆಯನ್ನು ಮೆಟ್ಟಿಲಿನಲ್ಲೇ ಮಾಡಿಕೊಂಡಿದ್ದವು. ದಪ್ಪ ಬಾಗಿಲುಗಳಿಗೆ ಇಟ್ಟಿಗೆ ಒತ್ತುಕೊಟ್ಟು ಸದಾ ತೆರೆದಿಟ್ಟಿದ್ದರು.

ಇಲಾಖೆಯ ಕಾಗದದ ಜೊತೆ ದೂರಿನಲ್ಲಿದ್ದ ಪಟ್ಟಿಯ ನಕಲೂ ಇತ್ತು. ಹನ್ನೊಂದು ಅಡ್ಡಿಗಳು. ಪಟ್ಟಿಗಳಲ್ಲೇ ಬಾಳಿದ ಕಾರ್ಯದರ್ಶಿಯೂ ಇಂಥ ಪಟ್ಟಿ ನೋಡಿರಲಿಲ್ಲ. "ಐದರಿಂದ ನಾಲ್ಕಕ್ಕೆ ಇಳಿಯುವಾಗ, ಒಂಬತ್ತನೇ ಮೆಟ್ಟಿಲು, ಬಲಗಡೆ, ಮೊಣಕಾಲಿಗೆ: ಸೈಕಲ್ ಪೆಡಲು. ನಾಲ್ಕನೇ ಮಹಡಿ ಬಾಗಿಲ ಹತ್ತಿರ, ಸೊಂಟಕ್ಕೆ: ಹೊಲಿಗೆ ಯಂತ್ರ. ಮೂರನೇ ಮಹಡಿ, ಭುಜಕ್ಕೆ: ಕಬ್ಬಿಣದ ಬೀರು, ಮೂಲೆ ಚೂಪು. ಎರಡನೇ ಮಹಡಿ, ಹೆಬ್ಬೆರಳಿಗೆ: ಸೀಮೆಸುಣ್ಣದ ಡಬ್ಬಿ, ಎರಡು ಸಲ."

ಒಂಬತ್ತು ಗಂಟೆಗೆ ಅವನು ಗ್ರಂಥಾಲಯಕ್ಕೆ ಫೋನು ಮಾಡಿ ರಜೆ ಹಾಕಿದ. ಒಂಬತ್ತೂಕಾಲಿಗೆ ಎಲ್ಲ ಮನೆಯವರನ್ನೂ ಕೆಳಗೆ ಕರೆದು ಕಾಗದ ಓದಿಹೇಳಿದ. ಮೂರು ಗಂಟೆಯೊಳಗೆ ಮೆಟ್ಟಿಲು ಖಾಲಿಯಾಗಬೇಕು ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ. ದೂರು ಕೊಟ್ಟವರು ಯಾರು ಎಂಬುದೊಂದೇ ಎಲ್ಲರಿಗೂ ಬೇಕಾಗಿತ್ತು.

"ಸೊಂಟಕ್ಕೆ ಅಂತ ಬರೆದಿದಾರೆ. ಗಿಡ್ಡ ಇರೋರೇ ಇರಬೇಕು," ಎಂದು ನಾಲ್ಕನೇ ಮಹಡಿಯ ಟೈಲರಮ್ಮ ಎಲ್ಲರ ಎತ್ತರವನ್ನೂ ಕಣ್ಣಿನಲ್ಲೇ ಅಳತೆ ಹಾಕಿದಳು. ಅವಳದು ಅದೇ ಕಸುಬು.

"ಇಷ್ಟು ಕ್ರಮವಾಗಿ ಬರೆಯೋರು ಈ ಬಿಲ್ಡಿಂಗಲ್ಲಿ ಇರೋದೇ ಒಬ್ಬರು," ಎಂದು ಏಜೆಂಟರು ಕಾರ್ಯದರ್ಶಿಯ ಕಡೆ ನೋಡಿದರು.

"ನಾನಾ? ಅಯ್ಯೋ ದೇವರೇ, ನನ್ನ ಮೇಲೆ ನಾನೇ ದೂರು ಕೊಡ್ಲಾ?"

"ಇರಲಿ ಬಿಡಿ," ಎಂದರು ಏಜೆಂಟರು, ಎಲ್ಲ ತಿಳಿದವರ ಹಾಗೆ. "ಬಾಯ್ಬಿಟ್ಟು ಹೇಳಬೇಕಾಗಿಲ್ಲ."

ಆದರೂ ಕೆಲಸ ಶುರುವಾಯಿತು. ಹತ್ತು ಗಂಟೆಗೆ ಕಟ್ಟಡದ ತುಂಬ ಎಳೆದಾಟದ ಸದ್ದು. ಕಾರ್ಯದರ್ಶಿ ಕೆಳಗೆ ನಿಂತು ಆ ಸದ್ದನ್ನು ಸಂಗೀತದ ಹಾಗೆ ಕೇಳಿದ. ಜನ ಕೆಟ್ಟವರಲ್ಲ, ಹೇಳುವ ರೀತಿಯಲ್ಲಿ ಹೇಳಿದರೆ ಕೇಳುತ್ತಾರೆ ಎಂದುಕೊಂಡು ಒಂದು ಲೋಟ ಕಾಫಿ ಕುಡಿದ. ಹನ್ನೊಂದಕ್ಕೆ ಮೇಲೆ ಹತ್ತಿ ನೋಡಿದರೆ ನಾಲ್ಕನೇ ಮಹಡಿಯ ಹೊಲಿಗೆ ಯಂತ್ರ ಮೂರನೆಯದರಲ್ಲಿತ್ತು. ಮೂರನೆಯದರ ಹೂಕುಂಡಗಳು ಎರಡನೆಯದಕ್ಕೆ ಇಳಿದಿದ್ದವು. ಎರಡನೇ ಮಹಡಿಯ ಗಣಿತ ಮೇಷ್ಟ್ರ ಕಪ್ಪುಹಲಗೆ ನಾಲ್ಕಕ್ಕೆ ಏರಿ ಕೂತಿತ್ತು. ಪ್ರತಿಯೊಬ್ಬರೂ ತಮ್ಮ ಮಹಡಿಯನ್ನು ಕನ್ನಡಿಯಂತೆ ಇಟ್ಟುಕೊಳ್ಳುವ ಆಸೆಯಿಂದ ಸಾಮಾನನ್ನು ಬೇರೆಯವರ ಮಹಡಿಗೆ ತಳ್ಳಿದ್ದರು. ಒಂದು ಗಂಟೆ ಬೆವರು ಸುರಿಸಿ ಹದಿನೈದು ಮನೆಯವರು ಅಡ್ಡಿಗಳ ಸ್ಥಳ ಬದಲಾಯಿಸಿದ್ದರೇ ಹೊರತು ಒಂದೂ ಕಡಿಮೆಯಾಗಿರಲಿಲ್ಲ.

"ಮೇಷ್ಟ್ರೇ, ಇದೇನಿದು?"

ಗಣಿತ ಮೇಷ್ಟ್ರು ನಿವೃತ್ತರು. ಆ ಮೆಟ್ಟಿಲಿನ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ದಿನಾ ಸಂಜೆ ಪಾಠ ಹೇಳುತ್ತಿದ್ದರು. ಹಿಂದಿನ ಸಾಲಿನವರಿಗೂ ಹಲಗೆ ಚೆನ್ನಾಗಿ ಕಾಣುತ್ತದೆ ಎಂಬುದು ಅವರ ವಾದ. "ದೂರಿನಲ್ಲಿ ಏನಿದೆ? ಎರಡನೇ ಮಹಡಿಯಲ್ಲಿ ಸೀಮೆಸುಣ್ಣ ಇದೆ ಅಂತ. ಈಗ ಅಲ್ಲಿ ಇಲ್ಲ. ಅಂದಮೇಲೆ ದೂರು ಸುಳ್ಳಾಯ್ತು," ಎಂದು ಲೆಕ್ಕ ಬಿಡಿಸಿದವರ ಸಮಾಧಾನದಲ್ಲಿ ಹೇಳಿದರು.

ಕಾರ್ಯದರ್ಶಿ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತ. ನಿಮ್ಮ ನಿಮ್ಮ ಮನೆಯೊಳಗೆ ಇಟ್ಟುಕೊಳ್ಳಿ ಎಂದರೆ ಒಬ್ಬರ ಮನೆಗೆ ನಿನ್ನೆ ಬಣ್ಣ ಬಳಿದಿದೆ, ಇನ್ನೊಬ್ಬರ ಮನೆಗೆ ನಾಳೆ ನೆಂಟರು ಬರುತ್ತಾರೆ, ಏಜೆಂಟರ ಮನೆ ಬಾಗಿಲು ಬೀರುವಿಗಿಂತ ಎರಡು ಬೆರಳು ಚಿಕ್ಕದಂತೆ. ಮಾಳಿಗೆಯ ಮೇಲೆ ಹಾಕೋಣವೆಂದರೆ ಅದೂ ತಪಾಸಣೆಯ ಪಟ್ಟಿಯಲ್ಲಿತ್ತು. ಗಂಟೆ ಹನ್ನೊಂದೂವರೆ. ಅವನ ಕಣ್ಣ ಮುಂದೆ ತಟ್ಟೆಯಲ್ಲಿ ಬಿಚ್ಚಿಟ್ಟ ಗಡಿಯಾರ ಬಂತು, ಅತ್ತೆಯ ಮೆಲುದನಿ ಬಂತು. ಆಗ ಆ ಸಾಧು ಮನುಷ್ಯನಿಗೆ ಎಲ್ಲಿಲ್ಲದ ರೋಷ ಬಂದು ಎದ್ದುನಿಂತ.

"ಎಲ್ಲಾ ನನ್ನ ಮನೆಗೆ ತನ್ನಿ!"

ಇಡೀ ಕಟ್ಟಡಕ್ಕೆ ಆನೆಬಲ ಬಂತು. ಸ್ವಂತ ಮನೆಗೆ ಒಂದು ಬುಟ್ಟಿ ಒಯ್ಯಲಾರದೆ ಸೊಂಟನೋವೆಂದಿದ್ದವರು ಪರರ ಮನೆಗೆ ಸೈಕಲ್ಲು ಹೊತ್ತು ಎರಡೆರಡು ಮೆಟ್ಟಿಲು ಹಾರಿದರು. ಬೀರುವಿಗೆ ಹಗ್ಗ ಕಟ್ಟಿ ಆರು ಜನ ಎಳೆದರು. ಏಜೆಂಟರು ಮಾತ್ರ ಕೈಹಾಕದೆ, "ಹುಷಾರು, ಪಾಲಿಶ್ ಹೋಗುತ್ತೆ," ಎಂದು ಹಿಂದಿನಿಂದ ಹೇಳುತ್ತ ಬಂದರು. ಬೀರು ಮೇಲೇರಿದಷ್ಟೂ ಅವರ ಮುಖ ಇಳಿಯಿತು. ಅದಕ್ಕೆ ಕಾರಣ ಪಾಲಿಶ್ ಅಲ್ಲ ಎಂದು ಕಾರ್ಯದರ್ಶಿಗೆ ಗೊತ್ತಿತ್ತು.

ಕಾರ್ಯದರ್ಶಿಯ ಹೆಂಡತಿ ಬಾಗಿಲು ತೆರೆದು ನೋಡಿದಳು. ಮೊದಲು ಹೂಕುಂಡ ಬಂತು, ಏನೂ ಅನ್ನಲಿಲ್ಲ. ತೊಟ್ಟಿಲು ಬಂತು, ಹುಬ್ಬೇರಿಸಿದಳು. ಬೀರು ಬಂದಾಗ, "ರೀ, ನಾವು ಎಲ್ಲಿ ಮಲಗೋದು?" ಎಂದು ಕೇಳಿದಳು.

"ಇವತ್ತೊಂದು ದಿನ ಕಣೇ. ಸಾಯಂಕಾಲ ನಾನು ಬಿಡುಗಡೆಯಾಗ್ತೀನಿ. ನಾಳೆ ಏಜೆಂಟರು ಕಾರ್ಯದರ್ಶಿ, ಅವರು ನೋಡ್ಕೊಳ್ತಾರೆ."

"ಅದಾಗೋ ಮಾತಾ?" ಎಂದಳು. ಆದರೂ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು.

ಇಲ್ಲಿ ಆ ಮನುಷ್ಯನನ್ನು ಮೆಚ್ಚಲೇಬೇಕು. ಸಾಮಾನು ಬಂದ ಹಾಗೆ ಒಟ್ಟಿದ್ದರೆ ಮನೆ ಗುಜರಿಯಾಗುತ್ತಿತ್ತು. ಅವನು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ, ಯಾರದು, ಯಾವ ಮಹಡಿ, ಎಷ್ಟನೇ ಸಂಖ್ಯೆ. ಎತ್ತರದವು ಗೋಡೆಗೆ, ಗಿಡ್ಡವು ಮುಂದಕ್ಕೆ. ಎಲ್ಲಕ್ಕಿಂತ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದ. ಅತ್ತೆಯ ಕೋಣೆಯಿಂದ ಅಡುಗೆಮನೆಯ ಮುಂದೆ ಹಾದು ಮನೆ ಬಾಗಿಲವರೆಗೆ ಮೂರಡಿ ಅಗಲದ ದಾರಿ. "ಈ ಗೆರೆ ದಾಟಿ ಒಂದು ಕಡ್ಡಿಯೂ ಬರಕೂಡದು. ಅತ್ತೆ ಕೈಯಿಂದ ಮುಟ್ಕೊಂಡು ಓಡಾಡ್ತಾರೆ," ಎಂದು ಎಲ್ಲರಿಗೂ ತಾಕೀತು ಮಾಡಿದ.

ಅತ್ತೆ ತಮ್ಮ ಮಂಚದ ಮೇಲೆ ಕೂತು ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಈ ಗದ್ದಲವನ್ನೆಲ್ಲ ಕೇಳುತ್ತಿದ್ದರು. "ಬೀರು ಬಂತೇನಮ್ಮಾ?" ಎಂದು ಮಗಳನ್ನು ಕೇಳಿದರು. ಬಂತು ಎಂದಾಗ ಅವರ ಮುಖದಲ್ಲಿ ನಗು ಮೂಡಿತು. ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಎರಡೂವರೆಗೆ ಮೆಟ್ಟಿಲು ತೊಳೆದಾಯಿತು. ಬಾಗಿಲುಗಳಿಗೆ ಕೊಟ್ಟಿದ್ದ ಇಟ್ಟಿಗೆ ತೆಗೆದದ್ದೇ ತಡ, ಐದೂ ಬಾಗಿಲುಗಳು ಧಪ್ ಧಪ್ ಎಂದು ಮುಚ್ಚಿಕೊಂಡವು. ಒಂದು ಬಾಗಿಲಂತೂ ಟೈಲರಮ್ಮ ಮತ್ತು ಎದುರುಮನೆಯಾಕೆಯ ನಡುವೆ ಎಂಟು ವರ್ಷದಿಂದ ನಡೆಯುತ್ತಿದ್ದ ಸಂಭಾಷಣೆಯನ್ನು ಅರ್ಧದಲ್ಲೇ ಕತ್ತರಿಸಿತು.

ಅಧಿಕಾರಿ ಸರಿಯಾಗಿ ಮೂರಕ್ಕೆ ಬಂದರು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ಬೂಟು, ಹೆಗಲಿಗೊಂದು ಚೀಲ. ಕಾರ್ಯದರ್ಶಿ ಹೂಗುಚ್ಛ ಕೊಡಲು ಹೋದರೆ, "ದಾರಿ ಬಿಡಿ," ಎಂದರು. ಏಜೆಂಟರು ತಂಪು ಪಾನೀಯ ತಂದರೆ ಅವರಿಗೂ ಅದೇ ಮಾತು. ಅವರ ಇಡೀ ಕೆಲಸವೇ ಆ ಎರಡು ಪದದಲ್ಲಿತ್ತು. ನೇರವಾಗಿ ಐದನೇ ಮಹಡಿಗೆ ಹೋಗಿ ಹಿಂಬದಿಯ ಬಾಗಿಲು ತಳ್ಳಿ, ಮೆಟ್ಟಿಲ ಮೇಲುತುದಿಯಲ್ಲಿ ನಿಂತು ಚೀಲದಿಂದ ಎರಡು ಕಪ್ಪು ಬಟ್ಟೆ ತೆಗೆದರು.

"ಒಂದು ನಿಮಗೆ. ಕಣ್ಣಿಗೆ ಕಟ್ಕೊಳ್ಳಿ."

"ಯಾಕೆ ಮೇಡಂ?" ಕಾರ್ಯದರ್ಶಿ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬೆಂಕಿ ಬಿದ್ದಾಗ ಮೊದಲು ಬರೋದು ಹೊಗೆ. ಹೊಗೆಯಲ್ಲಿ ಯಾರಿಗೂ ಕಣ್ಣು ಕಾಣಲ್ಲ. ಅದಕ್ಕೇ ನಾನು ಮೆಟ್ಟಿಲನ್ನ ಕಣ್ಣಿಂದ ನೋಡೋದೇ ಇಲ್ಲ. ಹತ್ತೊಂಬತ್ತು ವರ್ಷದಿಂದ ಹೀಗೇ ಇಳಿದು ಪರೀಕ್ಷೆ ಮಾಡ್ತೀನಿ. ಕಾರ್ಯದರ್ಶಿಗಳು ಜೊತೆಗೆ ಬರಬೇಕು. ತಾವು ಇಳಿಯೋಕೆ ಹೆದರೋ ಮೆಟ್ಟಿಲಿಗೆ ಸಹಿ ಹಾಕಿ ಅಂತ ನನ್ನನ್ನ ಕೇಳಬಾರದು ನೋಡಿ."

ಕಾರ್ಯದರ್ಶಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಹನ್ನೊಂದು ವರ್ಷ ಬಾಳಿದ ಕಟ್ಟಡ ಒಮ್ಮೆಲೇ ಅಪರಿಚಿತವಾಯಿತು. ಕಾಲು ತಡವರಿಸಿತು. ಕೈ ಚಾಚಿದಾಗ ರೇಲಿಂಗ್ ಸಿಕ್ಕಿತು. ಹಿಡಿದು ಇಳಿಯತೊಡಗಿದ. ಒಂಬತ್ತನೇ ಮೆಟ್ಟಿಲಿನಲ್ಲಿ ಸೈಕಲ್ ಪೆಡಲು ನೆನಪಾಗಿ ಮೊಣಕಾಲು ತಾನಾಗಿ ಹಿಂದೆ ಸರಿಯಿತು, ಆದರೆ ಪೆಡಲು ಅಲ್ಲಿರಲಿಲ್ಲ. ತಿರುವಿನಲ್ಲಿ ರೇಲಿಂಗ್ ಕಡಿದುಹೋಗುತ್ತದೆ ಎಂದುಕೊಂಡರೆ ಕೈ ಬಿಡಿಸದೆ ಹಾಗೇ ಬಾಗಿಕೊಂಡು ಮುಂದುವರಿಯಿತು. ಆಮೇಲೆ ಅಂಗೈಗೆ ಏನೋ ತಾಗಿತು. ಕಂಬಿಯ ಮೇಲೆ ಬಟಾಣಿ ಗಾತ್ರದ ನಾಲ್ಕು ಗುಬುಟುಗಳು.

"ಇದೇನು ಮೇಡಂ, ನಾಲ್ಕು ಗುಬುಟು?"

ಕತ್ತಲಲ್ಲಿ ಅಧಿಕಾರಿಯ ದನಿ ಮೆತ್ತಗಾಯಿತು. "ನಾಲ್ಕನೇ ಮಹಡಿ. ಮುಂದೆ ಮೂರು ಇರುತ್ತೆ, ಆಮೇಲೆ ಎರಡು, ಆಮೇಲೆ ಒಂದು. ಕಣ್ಣು ಕಾಣದಿದ್ರೂ ಎಲ್ಲಿದೀವಿ ಅಂತ ಗೊತ್ತಾಗಲಿ ಅಂತ. ಹೀಗೆ ಮಾಡಲೇಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ನಕ್ಷೆ ಬರೆದವರು ತಾವಾಗಿ ಯೋಚನೆ ಮಾಡಿ ಮಾಡಿದ್ದು. ಅಂಥವರ ಕೈಗೆ ನಮಸ್ಕಾರ ಹಾಕಬೇಕು."

ಒಂದು ಕೋಣೆ ನುಂಗಿದಳೆಂದು ಹನ್ನೊಂದು ವರ್ಷ ಕಾರ್ಯದರ್ಶಿಯೂ ಆ ಹೆಂಗಸಿಗೆ ಶಾಪ ಹಾಕಿದ್ದ. ಎಂದೋ ಬರಬಹುದಾದ ಹೊಗೆಯಲ್ಲಿ, ತಾನು ಕಂಡೇ ಇರದ ಜನರ ಅಂಗೈ ಎಲ್ಲಿ ತಡಕಾಡುತ್ತದೆ ಎಂದು ಆಕೆ ಕೂತು ಯೋಚಿಸಿದ್ದಳು. ಮೂರನೇ ಮಹಡಿಯಲ್ಲಿ ಕೈಗೆ ಸಿಕ್ಕ ಮೂರು ಗುಬುಟುಗಳನ್ನು ಅವನು ಮಗುವಿನ ಕೆನ್ನೆ ಸವರುವಂತೆ ಸವರಿದ. ಬೀರು ಇದ್ದ ಜಾಗದಲ್ಲಿ ಭುಜ ಓರೆಮಾಡಿ ನಡೆದದ್ದು ಮಾತ್ರ ಬರೀ ಅಭ್ಯಾಸಬಲ.

ಎರಡು ಗುಬುಟು ದಾಟಿ ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಅಧಿಕಾರಿಯ ಬೂಟಿಗೆ ಮೆತ್ತಗಿನದೇನೋ ತಗುಲಿತು. "ಅಯ್ಯಮ್ಮಾ!" ಎಂದಿತು ಅದು.

"ಇದು ಪಟ್ಟಿಯಲ್ಲಿಲ್ಲವಲ್ಲ," ಎಂದರು ಅಧಿಕಾರಿ.

ಕಾರ್ಯದರ್ಶಿ ಕಣ್ಣಿನ ಬಟ್ಟೆ ಕಿತ್ತ. ಗಣಿತ ಮೇಷ್ಟ್ರು ತಮ್ಮ ಮಾಮೂಲಿ ಮೆಟ್ಟಿಲಿನ ಮೇಲೆ ಕೂತು ಸಂಜೆಯ ಪಾಠಕ್ಕೆ ಲೆಕ್ಕ ಗೀಚುತ್ತಿದ್ದರು. "ಸಾಮಾನು ಇಡಬೇಡಿ ಅಂದ್ರಿ, ಇಟ್ಟಿಲ್ಲ. ನಾನು ಸಾಮಾನಾ?" ಎಂದು ಅವರೇ ದಬಾಯಿಸಿದರು.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಏಳಿ!"

ಮೇಷ್ಟ್ರು ಎದ್ದರು. ಅಧಿಕಾರಿಯ ತುಟಿಯಂಚಿನಲ್ಲಿ ನಗು ಸುಳಿದು ಮಾಯವಾಯಿತು. ಕೆಳಗೆ ಇಳಿದು ಬಟ್ಟೆ ಬಿಚ್ಚಿ, ಗಡಿಯಾರ ನೋಡಿ, "ಒಂದು ಕಡೆಯೂ ರೇಲಿಂಗಿಂದ ಕೈ ಎತ್ತಬೇಕಾಗಲಿಲ್ಲ, ಕಾಲು ಎಡವಲಿಲ್ಲ. ಮೇಷ್ಟ್ರನ್ನ ಬಿಟ್ಟು," ಎಂದರು. ನೆರೆದವರೆಲ್ಲ ಉಸಿರು ಬಿಟ್ಟರು. ಏಜೆಂಟರು ಮಾತ್ರ ಉಸಿರು ಎಳೆದುಕೊಂಡರು.

"ಒಂದು ಪ್ರಶ್ನೆ. ಹನ್ನೊಂದು ಅಡ್ಡಿ ಇದ್ದವಲ್ಲ, ಆ ಸಾಮಾನೆಲ್ಲ ಎಲ್ಲಿ?"

ತನ್ನ ಮನೆ ತೋರಿಸಿದರೆ ಎಲ್ಲ ನೀರಲ್ಲಿ ಹೋಮ ಎಂದು ಕಾರ್ಯದರ್ಶಿಗೆ ಹೊಳೆದದ್ದೇ ಆಗ. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕರೆದುಕೊಂಡು ಹೋಗಿ ಬಾಗಿಲು ತೆರೆದ. ಹಿಂದೆ ಹದಿನೈದು ಮನೆಯವರೂ ಇಣುಕಿದರು.

ಅಧಿಕಾರಿ ಹೊಸ್ತಿಲಲ್ಲೇ ನಿಂತರು. ಚೀಟಿಗಳನ್ನು ಓದಿದರು. ನೆಲದ ಮೇಲಿನ ಬಿಳಿ ಗೆರೆ ನೋಡಿದರು. ಚೀಲದಿಂದ ಅಳತೆಪಟ್ಟಿ ತೆಗೆದು ಬಗ್ಗಿ ದಾರಿಯ ಅಗಲ ಅಳೆದರು. ಮೂರಡಿ, ಎಲ್ಲ ಕಡೆಯೂ ಮೂರಡಿ.

"ಈ ದಾರಿ ಯಾರಿಗೆ?"

"ನಮ್ಮತ್ತೆಗೆ ಮೇಡಂ. ಅವರಿಗೆ ಕಣ್ಣು ಅಷ್ಟಾಗಿ ಕಾಣಲ್ಲ. ಮನೆ ಹೇಗಿದ್ರೂ ಅವರಿಗೆ ಹೊರಗೆ ಬರೋ ದಾರಿ ಬೇಕಲ್ಲ."

ಅಧಿಕಾರಿ ಅಳತೆಪಟ್ಟಿಯನ್ನು ನಿಧಾನವಾಗಿ ಸುತ್ತಿ ಚೀಲಕ್ಕೆ ಹಾಕಿದರು. "ಹತ್ತೊಂಬತ್ತು ವರ್ಷ," ಎಂದರು ಕೊನೆಗೆ. "ಎಷ್ಟು ಕಟ್ಟಡ, ಎಷ್ಟು ಕಾರ್ಯದರ್ಶಿಗಳು. ಎಲ್ಲರೂ ಬೇರೆಯವರ ಮೇಲೆ ಹೇಳೋರೇ. ತನ್ನ ಮನೆ ತುಂಬಿಸ್ಕೊಂಡು ಮೆಟ್ಟಿಲು ಖಾಲಿ ಮಾಡಿದವರನ್ನ ಇವತ್ತೇ ನೋಡಿದ್ದು." ಏಜೆಂಟರ ಬೀರುವಿನ ಬಾಗಿಲಿಗೇ ಕಾಗದ ಒತ್ತಿ ಹಿಡಿದು, ಕಾರ್ಯದರ್ಶಿಯ ಹೆಸರು ಕೇಳಿ, ಪ್ರಮಾಣಪತ್ರ ಬರೆದು, ಮೊಹರು ಒತ್ತಿ ಕೈಗೆ ಕೊಟ್ಟರು. ಅವನು ಎರಡೂ ಕೈಯಿಂದ ತೆಗೆದುಕೊಂಡ. ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣಲಿಲ್ಲ. ಮನಸ್ಸಿನ ಕಣ್ಣಿಗೆ ಕಾಣುತ್ತಿದ್ದದ್ದು ಗಡಿಯಾರ ಮಾತ್ರ.

"ಒಂದು ಷರತ್ತು ಬರೆದಿದೀನಿ," ಎಂದರು ಅಧಿಕಾರಿ, ಬಹುಮಾನ ಕೊಡುವವರ ಮುಖದಲ್ಲಿ. "ಬೇರೆ ಕಡೆ ನಾನು ಬೆನ್ನು ತಿರುಗಿಸಿದ ವಾರಕ್ಕೆ ಮೆಟ್ಟಿಲು ಮತ್ತೆ ತುಂಬುತ್ತೆ. ಇಲ್ಲಿ ಹಾಗಾಗಬಾರದು. ಅದಕ್ಕೇ, ಮುಂದಿನ ತಪಾಸಣೆವರೆಗೆ, ಅಂದ್ರೆ ಮೂರು ವರ್ಷ, ನೀವೇ ಕಾರ್ಯದರ್ಶಿ. ನೀವು ಹುದ್ದೆಯಲ್ಲಿ ಇರೋ ತನಕ ಮಾತ್ರ ಈ ಪತ್ರಕ್ಕೆ ಬೆಲೆ. ನೀವು ಬಿಟ್ಟ ದಿನ ಇದು ರದ್ದು."

ಮೊದಲ ಚಪ್ಪಾಳೆ ಏಜೆಂಟರದು. ಅಷ್ಟು ಹೃತ್ಪೂರ್ವಕವಾಗಿ ಅವರು ಯಾರಿಗೂ ತಟ್ಟಿರಲಿಲ್ಲ. ಆಮೇಲೆ ಹದಿನೈದು ಮನೆಯವರೂ ತಟ್ಟಿದರು. ಕಾರ್ಯದರ್ಶಿ ಬಾಯಿ ತೆರೆದ, ಆದರೆ ಅಧಿಕಾರಿ ಅವನ ಕೈ ಕುಲುಕಿ, "ಏನೂ ಹೇಳಬೇಡಿ. ನಿಮ್ಮಂಥವರು ಹೊಗಳಿಕೆ ಬೇಡ ಅಂತೀರಿ, ನನಗೆ ಗೊತ್ತು," ಎಂದು ಹೊರಟೇಹೋದರು.

ಜನ ಚದುರತೊಡಗಿದರು. "ನಿಮ್ಮ ನಿಮ್ಮ ಸಾಮಾನು..." ಎಂದ ಅವನು ಕ್ಷೀಣವಾಗಿ.

"ಎಲ್ಲಿಡೋದು ಹೇಳಿ? ಮೆಟ್ಟಿಲ ಮೇಲೆ ಇಡೋ ಹಾಗಿಲ್ಲವಲ್ಲ, ರೂಲ್ಸು!" ಎಂದರು ಏಜೆಂಟರು. "ಜಾಗ ಸಿಗೋವರೆಗೆ ಇರಲಿ. ಬೀರುವಿಗೆ ವಾರಕ್ಕೊಂದು ಸಲ ಬಟ್ಟೆ ಆಡಿಸಿ ಸಾಕು."

ಬಾಗಿಲು ಮುಚ್ಚಿತು. ಕಾರ್ಯದರ್ಶಿ ಬಿಳಿ ಗೆರೆಗಳ ನಡುವೆ ಕುಸಿದು ಕೂತ. ಆಗಲೇ ಅವನ ಕಣ್ಣಿಗೆ ಬಿದ್ದದ್ದು, ಗಡಿಯಾರದ ತಟ್ಟೆ ಇದ್ದ ಮೇಜಿನ ಮುಂದೆ ಬೀರು ನಿಂತಿತ್ತು. ಸಂದಿಯಲ್ಲಿ ಹಿತ್ತಾಳೆಯ ಒಂದು ಹಲ್ಲುಚಕ್ರ ಹೊಳೆಯುತ್ತಿತ್ತು, ಕೈ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬೀರು ಕದಲಿಸಲು ಆರು ಜನ ಬೇಕು.

ಅತ್ತೆ ಗೋಡೆ ಮುಟ್ಟುತ್ತ, ತಮಗಾಗಿ ಬಿಟ್ಟ ದಾರಿಯಲ್ಲಿ ಬಂದರು. ಅವರ ಮುಖ ಅರಳಿತ್ತು.

"ಅಳಿಯಂದಿರೇ, ಪತ್ರ ಸಿಕ್ಕಿತಂತಲ್ಲ! ಹಾಗಾದ್ರೆ ನಿಮಗೆ ಬಿಡುಗಡೆ ಆಯ್ತು. ಈಗ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ದೂರು ಬರೆದಿದ್ದು ನಾನೇ."

"ಅಮ್ಮಾ!" ಎಂದಳು ಮಗಳು.

"ಮತ್ತೇನಮ್ಮಾ? ಪತ್ರ ಬಂದರೆ ತಾನೇ ಇವರನ್ನ ಬಿಡೋದು ಅಂತ ಠರಾವು ಮಾಡಿದಾರಂತೆ, ನೀನೇ ಹೇಳಿದ್ದೆ. ಸಾಮಾನು ತೆಗೆಯೋ ತನಕ ಪತ್ರ ಬರಲ್ಲ, ಹೆದರಿಕೆ ಇಲ್ಲದೆ ಯಾರೂ ತೆಗೆಯಲ್ಲ. ನೀವಿಬ್ಬರೂ ಮನೇಲಿಲ್ಲದ ಹೊತ್ತಲ್ಲಿ ಹನ್ನೊಂದು ದಿನ ರೇಲಿಂಗ್ ಹಿಡ್ಕೊಂಡು ಇಳಿದೆ. ದಿನಕ್ಕೊಂದು ಹುಡುಕಿದೆ. ಎಲ್ಲಿ ಪೆಟ್ಟಾಯ್ತೋ ಅಲ್ಲಿ ಬರಕೊಂಡೆ, ದಪ್ಪ ಪೆನ್ನಲ್ಲಿ, ಹಾಳೆಗೆ ಎರಡೇ ಸಾಲು." ಅವರು ಮೊಣಕಾಲು ಮುಟ್ಟಿ ತೋರಿಸಿದರು. "ಇದು ಸೈಕಲ್ಲು." ಭುಜ ಮುಟ್ಟಿದರು. "ಇದು ಬೀರು. ನಿಮಗೆ ಪುರುಸೊತ್ತು ಸಿಗಲಿ ಅಂತಲೇ ಮಾಡಿದ್ದು. ಗಡಿಯಾರಕ್ಕೆ ಅವಸರ ಇಲ್ಲ, ನಾಳೆ ಬೇಕಾದ್ರೂ ಕೂತ್ಕೊಳ್ಳಿ."

ಎಪ್ಪತ್ತಾರು ವರ್ಷದ, ಕಣ್ಣು ಕಾಣದ ಜೀವ, ತನಗಾಗಿ ಹನ್ನೊಂದು ಪೆಟ್ಟು ತಿಂದಿದೆ. ಇಂಥ ಅತ್ತೆಗೆ ಷರತ್ತಿನ ಸುದ್ದಿ ಯಾವ ಬಾಯಿಂದ ಹೇಳುವುದು? ಅಳಿಯ ಅವರ ಕಾಲು ಹಿಡಿದುಕೊಂಡ. ಅವರು ಸಂತೋಷಕ್ಕೆ ಎಂದುಕೊಂಡು ತಲೆ ಸವರಿದರು. ಅವನಿಗೆ ನಿಜಕ್ಕೂ ಸಂತೋಷವೂ ಆಗಿತ್ತು, ಅಳುವೂ ಬಂದಿತ್ತು, ಎರಡನ್ನೂ ಬೇರೆ ಮಾಡಲು ಬರಲಿಲ್ಲ.

ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಹೆಂಡತಿ ಬಾಗಿಲು ತೆರೆದಳು. ಗಣಿತ ಮೇಷ್ಟ್ರು ನಿಂತಿದ್ದರು, ಅವರ ಹಿಂದೆ ಚೀಲ ಹೊತ್ತ ಏಳು ಮಕ್ಕಳು.

"ಕಾರ್ಯದರ್ಶಿಗಳೇ, ನನ್ನ ಹಲಗೆ ನಿಮ್ಮಲ್ಲೇ ಇದೆಯಲ್ಲ. ಇಲ್ಲಿಂದ ಅಲ್ಲಿಗೆ ದಿನಾ ಹೊರೋದು ಯಾಕೆ, ಪಾಠ ಇಲ್ಲೇ ಇಟ್ಕೊಳ್ಳೋಣ. ಬನ್ರೋ, ಚಪ್ಪಲಿ ಬಿಟ್ಟು ಬನ್ನಿ."

ಮನೆಯಲ್ಲಿ ಕೂರಬಹುದಾದ ಜಾಗ ಒಂದೇ ಉಳಿದಿತ್ತು. ಬಿಳಿ ಗೆರೆಗಳ ನಡುವೆ, ಮೂರಡಿ ಅಗಲದಲ್ಲಿ, ಏಳೂ ಮಕ್ಕಳು ಒಂದರ ಹಿಂದೊಂದು ಶಿಸ್ತಾಗಿ ಕೂತವು. ಮೇಷ್ಟ್ರು ಬೀರುವಿಗೆ ಹಲಗೆ ಒರಗಿಸಿ, "ಎಲ್ಲಿಗೆ ನಿಲ್ಲಿಸಿದ್ವಿ?" ಎಂದು ಶುರುಮಾಡಿದರು.

ಅತ್ತೆ ತಮ್ಮ ಕೋಣೆಗೆ ಹಿಂದಿರುಗಲು ಎರಡು ಹೆಜ್ಜೆ ಇಟ್ಟರು. ಮೊಣಕಾಲಿಗೆ ಏನೋ ತಗುಲಿತು. ಕೈಚಾಚಿ ಮುಟ್ಟಿದರು, ಒಂದು ತಲೆ. ಅದರಾಚೆ ಇನ್ನೊಂದು ತಲೆ. ಒಂದೊಂದಾಗಿ ಮುಟ್ಟುತ್ತ ಮನಸ್ಸಿನಲ್ಲೇ ಎಣಿಸಿದರು. ಅವರ ಹುಬ್ಬು ಗಂಟಿಕ್ಕಿತು.

"ಐದನೇ ಮಹಡಿ, ನಮ್ಮ ಮನೆ, ನಡುದಾರಿ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮೊಣಕಾಲಿಗೆ: ಮಕ್ಕಳು, ಏಳು." ಆಮೇಲೆ ಮಗಳ ಕಡೆ ತಿರುಗಿ, "ನನ್ನ ದಪ್ಪ ಪೆನ್ನು ಎಲ್ಲಿದೆ ನೋಡಮ್ಮಾ," ಎಂದರು.